ನೂರ ಎಂಬತ್ತು ದಿನಗಳ ಒಳಗೆ

೧೪ ಅಕ್ಟೋಬರ್ ೨೦೦೫, ಶುಕ್ರವಾರ

ನಮ್ಮ ಟೊಲೀಡೋ ಊರಿನಲ್ಲಿ ಫುಟ್‌ಬಾಲ್ ಟಿಕೆಟಿಗೂ ಇಷ್ಟು ಉದ್ದದ ಸಾಲನ್ನು ನಾನು ನೋಡಿಲ್ಲ. ಕೋರ್ಟಿನ ಮೆಟ್ಟಿಲಿನಿಂದ ಹೊರಟು ಮೂಲೆ ತಿರುಗಿ ಬ್ಯಾಂಕಿನವರೆಗೆ ಹೋಗಿತ್ತು. ಸಾಲ ಕೊಟ್ಟವರ ಗೋಡೆಗೇ ಒರಗಿ ನಿಂತು ಜನ ದಿವಾಳಿ ಅರ್ಜಿ ಹಾಕಲು ಕಾಯುತ್ತಿದ್ದರು. ಸೋಮವಾರದಿಂದ ಹೊಸ ಕಾನೂನು ಜಾರಿ. ಆಮೇಲೆ ದಿವಾಳಿಯಾಗಬೇಕೆಂದರೂ ಆರು ತಿಂಗಳ ಸಂಬಳದ ಲೆಕ್ಕ ಕೊಡಬೇಕು, ತೆರಿಗೆ ಕಾಗದ ತರಬೇಕು, ದುಡ್ಡು ಹೇಗೆ ಖರ್ಚು ಮಾಡಬೇಕೆಂದು ಬುದ್ಧಿ ಹೇಳುವ ತರಗತಿಗೆ ಹೋಗಿ ಸರ್ಟಿಫಿಕೇಟು ಪಡೆಯಬೇಕು. ಲಾಯರುಗಳು ಈಗಲೇ ಫೀಸನ್ನು ಎರಡರಷ್ಟು ಮಾಡಿಯಾಗಿದೆ.

ಸಾಲಿನಲ್ಲಿದ್ದ ಮುದುಕಿಯೊಬ್ಬಳು ನನ್ನ ಕೋಟು ನೋಡಿ, ನೀವು ಲಾಯರಾ ಎಂದು ಕೇಳಿದಳು. ಲಾಯರೂ ಹೌದು, ಆದರೆ ಇಲ್ಲಿಗೆ ಬಂದಿರುವುದು ಟ್ರಸ್ಟಿಯಾಗಿ ಎಂದೆ. ಹಾಗೆಂದರೇನು ಎಂದಳು. ಲಾಯರು ನಿಮ್ಮ ಕಡೆಯವನು, ನಿಮ್ಮ ಬಳಿ ಮಾರುವಂಥದ್ದು ಏನಾದರೂ ಇದೆಯೇ ಎಂದು ಹುಡುಕಿ, ಇದ್ದರೆ ಮಾರಿ, ಸಾಲ ಕೊಟ್ಟವರಿಗೆ ಹಂಚಲು ಸರ್ಕಾರ ನೇಮಿಸಿದವನು ನಾನು ಎಂದು ವಿವರಿಸಿದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದು, "ನನ್ ಹತ್ರ ಇರೋದು ಈ ಹಲ್ಲಿನ ಸೆಟ್ಟು ಒಂದೇ. ಬೇಕಾದ್ರೆ ತಗೊಳ್ಳಪ್ಪ" ಅಂದಳು. ಇಬ್ಬರೂ ನಕ್ಕೆವು.

ನೂರರಲ್ಲಿ ತೊಂಬತ್ತೈದು ಜನರ ಬಳಿ ಹಲ್ಲಿನ ಸೆಟ್ಟಿಗಿಂತ ಹೆಚ್ಚೇನೂ ಇರುವುದಿಲ್ಲ. ಏನೂ ಇಲ್ಲವೆಂದು ಬರೆದು ಕಡತ ಮುಚ್ಚಿದರೆ ನನಗೆ ಅರವತ್ತು ಡಾಲರ್. ಹನ್ನೊಂದು ವರ್ಷದಿಂದ ಅದೇ ಅರವತ್ತು. ಏನಾದರೂ ಸಿಕ್ಕಿ ಮಾರಿದರೆ ಅದರಲ್ಲಿ ಕಮಿಷನ್ ಉಂಟು. ಕೆಲವು ಟ್ರಸ್ಟಿಗಳು ಅದಕ್ಕಾಗಿ ಜನರ ಮನೆಯ ಗ್ಯಾರೇಜಿಗೂ ಇಣುಕುತ್ತಾರೆ. ನನಗೆ ಆ ಚಟ ಇಲ್ಲ.

ಮಧ್ಯಾಹ್ನ ಮಿಲ್ಟ್ ಸಾಬೋ ಸಿಕ್ಕ. ಕಾಲೇಜಿನಿಂದ ಗೆಳೆಯ, ದಿವಾಳಿ ಲಾಯರು. ಇವತ್ತು ಒಬ್ಬನೇ ಮೂವತ್ತೊಂದು ಅರ್ಜಿ ಹಾಕಿದ್ದಾನೆ. ಕೊನೆಯದು ಸ್ಕೂಲ್ ಬಸ್ ಓಡಿಸುವ ವರ್ನಾ ಬ್ರಿಕ್ನರ್ ಎಂಬಾಕೆಯದು. ಬೇಸಿಗೆಯಿಂದ ಕಂತು ಕಂತಾಗಿ ಫೀಸು ಕಟ್ಟಿ, ಕೊನೆಯ ಐವತ್ತು ಡಾಲರನ್ನು ಇವತ್ತು ಹನ್ನೆರಡಕ್ಕೆ ತಂದುಕೊಟ್ಟಳಂತೆ. ಪೂರ್ತಿ ಫೀಸು ಕೈಗೆ ಬರದೆ ಯಾವ ದಿವಾಳಿ ಲಾಯರೂ ಅರ್ಜಿ ಹಾಕುವುದಿಲ್ಲ. ಹಾಕಿದರೆ ಅವನ ಬಾಕಿಯೂ ಉಳಿದ ಸಾಲಗಳ ಜೊತೆಗೇ ಕೊಚ್ಚಿಕೊಂಡು ಹೋಗುತ್ತದೆ. ಕಕ್ಷಿದಾರನ ಮೊದಲ ಟೋಪಿ ಲಾಯರಿಗೇ ಬೀಳುತ್ತದೆ ಎಂದು ಮಿಲ್ಟ್ ನಗುತ್ತಾನೆ.

೧೭ ನವೆಂಬರ್, ಗುರುವಾರ

ಒಂದೇ ದಿನ ಎಂಬತ್ತನಾಲ್ಕು ಜನರ ವಿಚಾರಣೆ. ಒಬ್ಬೊಬ್ಬರಿಗೆ ಐದು ನಿಮಿಷ. ಕೈ ಎತ್ತಿ ಪ್ರಮಾಣ ಮಾಡಿ, ಪಟ್ಟಿಯಲ್ಲಿ ಬರೆದದ್ದೆಲ್ಲ ನಿಜವೇ, ನಿಮಗೆ ಯಾರಾದರೂ ದುಡ್ಡು ಕೊಡಬೇಕೇ, ಮುಂದಿನವರು ಬನ್ನಿ. ಗಂಟಲು ಹರಿದುಹೋಗಿದೆ. ಆದರೆ ಆಫೀಸಿನ ಲೆಕ್ಕಕ್ಕೆ ಇಂಥ ತಿಂಗಳು ಹಿಂದೆ ಬಂದಿಲ್ಲ, ಮುಂದೆ ಬರುವುದೂ ಇಲ್ಲ.

ಪೋಲಿಷ್ ಅಜ್ಜನೊಬ್ಬ ಅಕಾರ್ಡಿಯನ್ ವಾದ್ಯವನ್ನು ಪಟ್ಟಿಗೆ ಸೇರಿಸಲು ಮರೆತಿದ್ದ. ಎಂಟುನೂರಾದರೂ ಬಾಳುತ್ತದೆ. ಹಳೆಯ ಪೆಟ್ಟಿಗೆ, ಬೆಲೆ ಇಲ್ಲ ಎಂದು ಬರೆದುಕೊಂಡು ಕಳಿಸಿದೆ. ಅದನ್ನು ಕಿತ್ತುಕೊಂಡು ನಾನೇನು ಪೋಲ್ಕಾ ನುಡಿಸಬೇಕಿತ್ತೇ?

ಮಿಲ್ಟ್‌ನ ಬಸ್ ಡ್ರೈವರ್ ವರ್ನಾ ಕೂಡ ಬಂದಿದ್ದಳು. ನಲವತ್ತೇಳು ವರ್ಷ, ಗಟ್ಟಿ ಆಳು, ಬಸ್ಸಿನ ಹಿಂದಿನ ಸೀಟಿನವರೆಗೆ ಕೇಳುವ ದನಿ. ಬಾಡಿಗೆ ಮನೆ, ಹಳೆಯ ಕಾರು, ಆಸ್ಪತ್ರೆಯ ಬಿಲ್ಲು, ಕಾರ್ಡಿನ ಸಾಲ. ಯಾರಿಂದಲಾದರೂ ಆಸ್ತಿ ಬರುವುದಿದೆಯೇ ಎಂದು ಎಲ್ಲರನ್ನೂ ಕೇಳುವ ಹಾಗೆ ಅವಳನ್ನೂ ಕೇಳಿದೆ.

"ಅಮ್ಮಂದು ಒಂದು ಮನೆ ಇದೆ ಸರ್, ನಾನೊಬ್ಳೇ ಮಗಳು. ಆದ್ರೆ ಅವಳು ನಮ್ಮನ್ನೆಲ್ಲ ಹೂತು ಆಮೇಲೆ ಹೋಗೋಳು" ಅಂದಳು. ಕೋಣೆಯೆಲ್ಲ ನಕ್ಕಿತು.

ಅರ್ಜಿ ಹಾಕಿದ ನೂರ ಎಂಬತ್ತು ದಿನಗಳ ಒಳಗೆ ಯಾರಾದರೂ ತೀರಿಕೊಂಡು ನಿಮಗೆ ಏನಾದರೂ ಬಂದರೆ ಅದು ನಿಮ್ಮದಲ್ಲ, ಸಾಲ ಕೊಟ್ಟವರದು, ನನಗೆ ಫೋನ್ ಮಾಡಬೇಕು ಎಂದು ಹೇಳಿದೆ. ನಂಬರನ್ನು ಅಂಗೈಯಲ್ಲಿ ಬರೆದುಕೊಂಡಳು. ಇದನ್ನೂ ಏನೂ ಇಲ್ಲದ ಕಡತಗಳ ಗುಡ್ಡೆಗೆ ಹಾಕಲು ಆಫೀಸಿನ ಸಹಾಯಕಿ ಅರ್ಲೀನ್‌ಗೆ ಹೇಳಿದ್ದೇನೆ.

೨೪ ಜನವರಿ ೨೦೦೬, ಮಂಗಳವಾರ

ಇವತ್ತಿನ ವಿಚಾರಣೆಗೆ ಬಂದವರು ಏಳು ಜನ. ಎಂಬತ್ತನಾಲ್ಕು ಎಲ್ಲಿ, ಏಳು ಎಲ್ಲಿ. ಜನರ ಸಾಲ ತೀರಿತೇ? ಇಲ್ಲ, ದಿವಾಳಿಯಾಗಲು ದುಡ್ಡು ಸಾಲುತ್ತಿಲ್ಲ. ಮಿಲ್ಟ್ ಈಗ ಸಾವಿರದ ನಾನೂರು ಕೇಳುತ್ತಾನೆ. ಕಕ್ಷಿದಾರ ಸುಳ್ಳು ಬರೆದರೆ ಲಾಯರೇ ದಂಡ ಕಟ್ಟಬೇಕೆಂದು ಹೊಸ ಕಾನೂನು ಹೇಳುವಾಗ ಅವನಾದರೂ ಏನು ಮಾಡಿಯಾನು.

ಏಳರಲ್ಲಿ ಮೂವರು ತೀರಾ ಬಡವರು, ಅವರಿಗೆ ಕೋರ್ಟಿನ ಶುಲ್ಕ ಮಾಫಿ. ಇದೂ ಹೊಸ ಕಾನೂನಿನ ಕರುಣೆಯೇ. ನನ್ನ ಅರವತ್ತು ಡಾಲರ್ ಬರುವುದು ಆ ಶುಲ್ಕದಿಂದ. ಅಂದರೆ ಕರುಣೆ ಕಾನೂನು ಮಾಡಿದ ಸಂಸತ್ತಿನದು, ಖರ್ಚು ನನ್ನದು. ಮೇಲೆ ಪ್ರತಿ ಕಡತಕ್ಕೂ ತೆರಿಗೆ ಕಾಗದ ಓದಬೇಕು, ಆದಾಯ ಪರೀಕ್ಷೆ ಮಾಡಬೇಕು, ಜೀವನಾಂಶ ಬಾಕಿ ಇದ್ದರೆ ಹೆಂಡತಿಗೊಂದು ಸರ್ಕಾರಕ್ಕೊಂದು ಪತ್ರ ಬರೆಯಬೇಕು. ಅಂಚೆ ಚೀಟಿಯೂ ನನ್ನ ಜೇಬಿನಿಂದ. ಅರ್ಲೀನ್ ಲೆಕ್ಕ ಹಾಕಿ ತೋರಿಸಿದಳು, ಆ ಮೂರು ಕಡತಗಳಿಂದ ನಮಗೆ ನಲವತ್ತೊಂದು ಡಾಲರ್ ನಷ್ಟ. ಅರ್ಲೀನ್ ನನ್ನ ಆಫೀಸಿನಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದಾಳೆ. ಗಂಡ ಬೆನ್ನು ಮುರಿದುಕೊಂಡು ಮನೆಯಲ್ಲಿದ್ದಾನೆ. ಅವಳ ಸಂಬಳ ಹೇಗೆ ಹೊಂದಿಸುವುದೋ ತಿಳಿಯದು.

ಸಂಜೆ ವರ್ನಾ ಬ್ರಿಕ್ನರ್ ಫೋನ್ ಮಾಡಿದ್ದಳು. ವಿಳಾಸ ಬದಲಾದರೆ ತಿಳಿಸಬೇಕೆಂಬ ನಿಯಮ ಪಾಲಿಸುತ್ತಿದ್ದಾಳೆ ಪಾಪ. ತಾಯಿಗೆ ಕ್ಯಾನ್ಸರ್ ಅಂತೆ, ಬಾಡಿಗೆ ಮನೆ ಬಿಟ್ಟು ತಾಯಿಯ ಮನೆಗೇ ಬಂದಿದ್ದಾಳೆ. ಬಹಳ ಬೇಸರವಾಯಿತು. ಅವಳ ಕಡತ ಮುಚ್ಚಿದೆವೇ ಎಂದು ಅರ್ಲೀನ್‌ಳನ್ನು ಕೇಳಿದೆ. ನಾಳೆ ಮುಚ್ಚುವವಳಿದ್ದಳು. ಸದ್ಯ ಬೇಡ, ಇರಲಿ ಎಂದೆ. ಎಲ್ಲವನ್ನೂ ಸರಿಯಾಗಿ ನೋಡಿ ಮುಚ್ಚುವುದು ಒಳ್ಳೆಯದು.

೨೮ ಫೆಬ್ರವರಿ, ಮಂಗಳವಾರ

ಈಸ್ಟರ್‌ಗೆ ಮೊದಲಿನ ಉಪವಾಸದ ನಲವತ್ತು ದಿನ ನಾಳೆ ಶುರು. ಎಂದಿನಂತೆ ಅರ್ಲೀನ್ ಪೂಂಚ್ಕಿ ಎಂಬ ಜಾಮ್ ತುಂಬಿ ಕರಿದ ಪೋಲಿಷ್ ಬನ್ನು ಒಂದು ಡಬ್ಬಿ ತಂದಿದ್ದಳು. ಎರಡು ತಿಂದ ಮೇಲೆ, ಮಾರ್ಚಿನಿಂದ ವಾರಕ್ಕೆ ಮೂರೇ ದಿನ ಬಂದರೆ ಸಾಕು ಎಂದು ಹೇಳಿದೆ. ತಿನ್ನುವ ಮೊದಲೇ ಹೇಳಬೇಕಿತ್ತು.

"ಮೂರು ದಿನಕ್ಕೆ ಆರೋಗ್ಯ ವಿಮೆ ಸಿಗಲ್ಲ, ಅಲ್ವಾ ಕ್ಲೆಮ್?" ಅಂದಳು. ಸಿಗುವುದಿಲ್ಲ ಎಂದೆ. ಬೆರಳಿಗೆ ಮೆತ್ತಿದ ಸಕ್ಕರೆಯನ್ನು ಕಾಗದಕ್ಕೆ ಒರೆಸಿಕೊಂಡು ಟೈಪ್ ಮಾಡಲು ಹೋದಳು. ಅವಳು ಬೈದಿದ್ದರೆ ಒಳ್ಳೆಯದಿತ್ತು.

ಒಂದು ದೊಡ್ಡ ಆಸ್ತಿ ಸಿಕ್ಕರೆ ಅವಳ ಐದೂ ದಿನ ವಾಪಸು ಕೊಡಬಹುದು. ಇದನ್ನು ಯೋಚಿಸಿಯೇ ಒಂದು ಕೆಲಸ ಮಾಡಿದ್ದೇನೆ. ಅಕ್ಟೋಬರಿನ ಗುಂಪಿನಲ್ಲಿ ವಯಸ್ಸಾದ ತಂದೆತಾಯಿ ಇರುವವರದು ಒಂದು ಪಟ್ಟಿ. ಇನ್ನೂರ ಹನ್ನೆರಡು ಹೆಸರು. ಬೆಳಿಗ್ಗೆ ಕಾಫಿಯ ಜೊತೆ ಪತ್ರಿಕೆಯ ನಿಧನ ವಾರ್ತೆಗಳನ್ನು ಓದುವಾಗ ಅದನ್ನು ಪಕ್ಕದಲ್ಲಿಟ್ಟುಕೊಳ್ಳುತ್ತೇನೆ. ಹೇಗೂ ನಿಧನ ವಾರ್ತೆ ಓದುವ ವಯಸ್ಸು ನನ್ನದು. ಪಟ್ಟಿ ಇದ್ದರೆ ಓದುವುದಕ್ಕೊಂದು ಶಿಸ್ತು ಬರುತ್ತದೆ.

ವಾದ್ಯವನ್ನು ತಂದು ಒಪ್ಪಿಸಬೇಕೆಂದು ಅಕಾರ್ಡಿಯನ್ ಅಜ್ಜನಿಗೆ ಪತ್ರ ಹೋಗಿದೆ. ಎಂಟುನೂರರಲ್ಲಿ ನನ್ನ ಕಮಿಷನ್ ಕಾಲು ಭಾಗ, ಇನ್ನೂರು. ನಿಯಮ ಎಲ್ಲರಿಗೂ ಒಂದೇ ಆಗಿರಬೇಕು.

೧೫ ಮಾರ್ಚ್, ಬುಧವಾರ

ಪೂರ್ವದ ಕಡೆ ಬೇರೆ ಕೆಲಸವಿತ್ತು. ವರ್ನಾಳ ತಾಯಿಯ ಬೀದಿ ದಾರಿಯಲ್ಲೇ ಸಿಕ್ಕಿತು, ಹಂಗೇರಿಯನ್ ಅಂಗಡಿಯಿಂದ ಕೋಳಿ ಸೂಪು ಕಟ್ಟಿಸಿಕೊಂಡು ಹೋದೆ. ಕಾಯಿಲೆಯವರ ಮನೆಗೆ ಬರಿಗೈಯಲ್ಲಿ ಹೋಗಬಾರದು.

ಮನೆ ನಾನು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿದೆ. ಮೇಲ್ಛಾವಣಿ ನಾಲ್ಕು ವರ್ಷದ್ದು. ಕಾರ್ಪೆಟ್ಟಿನ ಕೆಳಗೆ ಓಕ್ ಮರದ ನೆಲ. ನೆಲಮಾಳಿಗೆಯಲ್ಲಿ ತೇವವಿಲ್ಲ, ಕೈತೊಳೆಯುವ ನೆಪದಲ್ಲಿ ಇಳಿದು ನೋಡಿದೆ.

ತಾಯಿ ಒಪಲ್ ಬ್ರಿಕ್ನರ್ ಮುಂದಿನ ಕೋಣೆಯಲ್ಲಿ ಆಸ್ಪತ್ರೆಯವರು ತಂದಿಟ್ಟ ಮಂಚದ ಮೇಲೆ ಮಲಗಿದ್ದಳು. ಚರ್ಚಿನವನೇ ಎಂದು ಕೇಳಿದಳು. ವರ್ನಾ, "ಅಲ್ಲಮ್ಮ, ಕೋರ್ಟಿನೋರು. ತುಂಬ ಒಳ್ಳೆಯೋರು, ನಿನ್ನ ನೋಡೋಕೆ ಬಂದಿದಾರೆ" ಅಂದಳು. ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕೋರ್ಟಿನೋರು ಸೂಪು ತರೋದು ಯಾವಾಗಿಂದ?" ಅಂದಳು. ಬುದ್ಧಿ ಚುರುಕಾಗಿದೆ.

ಎಷ್ಟು ದಿನ ಎಂದಿದ್ದಾರೆ ಎಂದು ಹೊರಡುವಾಗ ನರ್ಸನ್ನು ಕೇಳಿದೆ. ಮೂರು ವಾರ, ಹೆಚ್ಚೆಂದರೆ ಐದು. ನೂರ ಎಂಬತ್ತನೆಯ ದಿನ ಏಪ್ರಿಲ್ ಹನ್ನೆರಡು, ಅದಕ್ಕೆ ಸರಿಯಾಗಿ ನಾಲ್ಕು ವಾರ.

೩೦ ಮಾರ್ಚ್, ಗುರುವಾರ

ಮತ್ತೆ ಸೂಪು. ವರ್ನಾ ಅಡುಗೆಮನೆಯಲ್ಲಿ ಅತ್ತಳು. ಕೆಲಸದಿಂದ ರಜೆ ಹಾಕಿದ್ದಾಳೆ, ಚರ್ಚಿನವರು ಒಮ್ಮೆ ಬಂದವರು ಮತ್ತೆ ತಲೆ ಹಾಕಿಲ್ಲ. ಅಮ್ಮ ಹೋದ ಮೇಲೆ ಈ ಮನೆಯೊಂದೇ ಆಸರೆ, ಕೋರ್ಟು ಸಾಲವನ್ನೂ ತೆಗೆದುಹಾಕಿ ಕಾಗದ ಕಳಿಸಿದೆ, ಇನ್ನು ಇಲ್ಲೇ ಇದ್ದುಬಿಡುತ್ತೇನೆ ಎಂದಳು. ನವೆಂಬರಿನಲ್ಲಿ ನಾನು ಹೇಳಿದ್ದು ಅವಳ ತಲೆಯಲ್ಲಿ ಉಳಿದಿರುವುದು ಫೋನ್ ನಂಬರು ಮಾತ್ರ ಎಂದು ಕಾಣುತ್ತದೆ. ಆ ಹೊತ್ತಿನಲ್ಲಿ ನೆನಪಿಸುವುದು ಸರಿಯಲ್ಲ ಎನ್ನಿಸಿತು.

೫ ಏಪ್ರಿಲ್, ಬುಧವಾರ

ಮಿಲ್ಟ್ ಆಫೀಸಿಗೆ ಬಂದ. ನದಿಯಲ್ಲಿ ವಾಲೈ ಮೀನು ಏರುವ ಕಾಲ, ಸೊಂಟದವರೆಗಿನ ರಬ್ಬರು ಬೂಟಿನಲ್ಲೇ ಬಂದಿದ್ದ. ಅರ್ಲೀನ್ ಇಲ್ಲದ ದಿನ, ನೆಲ ಒರೆಸಿದ್ದು ನಾನೇ. ತಿಂಗಳಿಗೆ ಎರಡು ಅರ್ಜಿ ಬಂದರೆ ಹೆಚ್ಚು, ಜೂನ್‌ನಲ್ಲಿ ಬಾಗಿಲು ಹಾಕುತ್ತಾನಂತೆ. ಅದನ್ನು ಹೇಳಲು ಬಂದನೆಂದುಕೊಂಡೆ. ಅಲ್ಲ.

"ವರ್ನಾ ಕಡತ ಇನ್ನೂ ಯಾಕೆ ತೆರೆದಿದೆ?"

ತಾಯಿಯ ಸ್ಥಿತಿ ಹೇಳಿದೆ. ಅವನಿಗೆ ಎಲ್ಲ ಗೊತ್ತಿತ್ತು.

"ಮುಚ್ಚಿಬಿಡು ಕಣೋ. ನಿನ್ ಅರವತ್ತು ಡಾಲರ್ ತಗೊಂಡು ಮುಚ್ಚಿಬಿಡು. ಅವಳು ನನ್ ಹತ್ರ ಬಂದಿದ್ದು ಜುಲೈನಲ್ಲಿ. ಅವತ್ತೇ ಹಾಕಿದ್ರೆ ಆರು ತಿಂಗಳು ಜನವರಿಗೇ ಮುಗಿದಿರ್ತಿತ್ತು. ಫೀಸು ಪೂರ್ತಿ ಬರ್ಲಿ ಅಂತ ಮೂರು ತಿಂಗಳು ಕಾಯಿಸಿದ್ದು ನಾನು. ಏಳುನೂರು ಡಾಲರಿಗೆ ಅವಳ ಮನೆ ಕಳೆದೆ."

ನೀನು ನಿಯಮದಂತೆ ನಡೆದೆ, ನಾನೂ ಹಾಗೇ ನಡೆಯುತ್ತೇನೆ ಎಂದೆ. ನಾನೀಗ ಕಡತ ಮುಚ್ಚಿದರೂ ತಾಯಿ ಸತ್ತರೆ ಅದನ್ನು ಮತ್ತೆ ತೆರೆಯಬೇಕಾಗುತ್ತದೆ, ಗೊತ್ತಿದ್ದೂ ತೆರೆಯದಿದ್ದರೆ ನನ್ನ ಕೆಲಸ ಹೋಗುತ್ತದೆ ಎಂದೂ ಹೇಳಿದೆ.

"ಗೊತ್ತಾಗ್ದೇ ಇದ್ರೆ? ನೀನಾಗಿ ಅವರ ಮನೆಗೆ ಹೋಗ್ದೇ ಇದ್ರೆ?"

ಆಸ್ತಿ ಹುಡುಕುವುದೇ ನನ್ನ ಕೆಲಸ ಎಂದೆ. ಅವನು, "ನೀನು ಮೊದ್ಲು ಹೀಗಿರ್ಲಿಲ್ಲ" ಎಂದು ಎದ್ದು ಹೋದ. ಸಿಟ್ಟು ಇನ್ನೂ ಇಳಿದಿಲ್ಲ. ಬಾಗಿಲು ಹಾಕಿಕೊಂಡು ಮೀನು ಹಿಡಿಯಲು ಹೋಗುವವನಿಗೆ ಧರ್ಮ ಹೇಳುವುದು ಸುಲಭ. ನಾನು ಒಬ್ಬಳ ಸಂಬಳ ಕೊಡಬೇಕು. ಮೊದಲು ಹೇಗಿದ್ದೆನೋ ಈಗಲೂ ಹಾಗೇ ಇದ್ದೇನೆ. ಬದಲಾಗಿದ್ದು ಕಾನೂನು.

೯ ಏಪ್ರಿಲ್, ಭಾನುವಾರ

ಮುದುಕಿ ಇವತ್ತು ಎದ್ದು ಕೂತಳಂತೆ. ಮೊಟ್ಟೆ ತಿಂದಳಂತೆ. ಬೇಸ್‌ಬಾಲ್ ಆಟ ಹಾಕು ಎಂದಳಂತೆ. ವರ್ನಾ ಖುಷಿಯಿಂದ ಫೋನ್ ಮಾಡಿದ್ದಳು.

ನನಗೂ ಸಂತೋಷವೇ. ಮಧ್ಯಾಹ್ನದ ಊಟ ಸೇರಲಿಲ್ಲ.

೧೧ ಏಪ್ರಿಲ್, ಮಂಗಳವಾರ

ಏಳೂವರೆಗೆ ಫೋನ್ ಬಂತು.

"ಸರ್, ಅಮ್ಮ ಹೋದ್ಲು. ನೀವು ಹೇಳಿದ್ರಲ್ಲ, ಯಾರಾದ್ರೂ ತೀರ್ಕೊಂಡ್ರೆ ಫೋನ್ ಮಾಡ್ಬೇಕು ಅಂತ. ಬೇರೆ ಯಾರಿಗೆ ಮಾಡ್ಲಿ ಅಂತಾನೂ ತೋಚ್ಲಿಲ್ಲ."

ಎಷ್ಟು ಹೊತ್ತಿಗೆ ಎಂದು ಕೇಳಿದೆ. ಆರು ಇಪ್ಪತ್ತಕ್ಕೆ. ಬರೆದುಕೊಂಡೆ. ಆಮೇಲೆ ಸಮಾಧಾನ ಹೇಳಿದೆ. ಅವಳು ಬಹಳ ಹೊತ್ತು ಅತ್ತಳು, ನಾನು ಫೋನ್ ಇಡಲಿಲ್ಲ. ಅಷ್ಟಾದರೂ ಮಾಡಬೇಕು.

ನೂರ ಎಪ್ಪತ್ತೊಂಬತ್ತನೆಯ ದಿನ. ಕ್ಯಾಲೆಂಡರಿನಲ್ಲಿ ಎರಡು ಸಲ ಎಣಿಸಿದೆ.

೧೩ ಏಪ್ರಿಲ್, ಗುರುವಾರ

ವರ್ನಾಳಿಗೆ ಪತ್ರ ಹೇಳಿ ಬರೆಸಿದೆ. ತಾಯಿಯ ಮನೆ ದಿವಾಳಿಯ ಆಸ್ತಿಗೆ ಸೇರುತ್ತದೆ, ಏನನ್ನೂ ಮಾರಬಾರದು, ಸಾಗಿಸಬಾರದು, ಅರವತ್ತು ದಿನಗಳಲ್ಲಿ ತೆರವು ಮಾಡಬೇಕು. ಅರ್ಲೀನ್ ಒಂದು ತಪ್ಪೂ ಇಲ್ಲದೆ ಟೈಪ್ ಮಾಡಿ ಲಕೋಟೆಗೆ ಹಾಕಿ ಕೇಳಿದಳು.

"ಇದು ಮಣ್ಣು ಮಾಡೋ ಮೊದ್ಲು ತಲುಪ್ಬೇಕಾ, ಆಮೇಲಾ?"

ಶನಿವಾರ ಮಣ್ಣು. ಇವತ್ತು ಹಾಕಿದರೆ ಅವತ್ತು ಬೆಳಿಗ್ಗೆಯೇ ಅಂಚೆಯಲ್ಲಿ ಬಂದಿರುತ್ತದೆ. ಕಾನೂನಿನಲ್ಲಿ ಅದರ ಬಗ್ಗೆ ಏನೂ ಇಲ್ಲ, ತಡ ಮಾಡುವುದು ಬೇಡ, ಹಾಕಿಬಿಡು ಎಂದೆ. ಅವಳು ಕೋಟು ಹಾಕಿಕೊಂಡು ತಾನೇ ಅಂಚೆ ಕಚೇರಿಗೆ ನಡೆದು ಹೋದಳು. ಮೇ ತಿಂಗಳಿಂದ ಐದು ದಿನ ಬಾ, ವಿಮೆಯೂ ಇರುತ್ತದೆ ಎಂದು ಅವಳು ವಾಪಸು ಬಂದ ಮೇಲೆ ಹೇಳಿದೆ. ಥ್ಯಾಂಕ್ಸ್ ಎಂದಳು. ಮುಖ ನೋಡಲಿಲ್ಲ. ಗಂಡನ ಬೆನ್ನುನೋವು ಜಾಸ್ತಿಯಾಗಿರಬೇಕು.

೨೩ ಆಗಸ್ಟ್, ಬುಧವಾರ

ಮನೆ ಮಾರಾಟ ಮುಗಿಯಿತು. ಮೂವತ್ತೊಂಬತ್ತು ಸಾವಿರ. ಟ್ರಸ್ಟಿ ಕ್ಲೆಮ್ ಹಫ್ನರ್‌ಗೆ, ಅಂದರೆ ನನಗೆ, ಕಮಿಷನ್. ಕೋರ್ಟಿಗೆ ಅರ್ಜಿಗಳನ್ನು ಬರೆಯಲು ಆ ಟ್ರಸ್ಟಿಯು ಲಾಯರ್ ಕ್ಲೆಮ್ ಹಫ್ನರ್‌ನನ್ನು ನೇಮಿಸಿಕೊಂಡಿದ್ದ, ಅವನಿಗೂ ಫೀಸು. ಇದಕ್ಕೆ ಕಾನೂನಿನಲ್ಲಿ ಅವಕಾಶವಿದೆ, ನ್ಯಾಯಾಧೀಶರು ತಲೆ ಎತ್ತದೆ ಸಹಿ ಹಾಕಿದರು. ದಲ್ಲಾಳಿಗೆ ಅವನ ಪಾಲು. ಉಳಿದದ್ದು ವರ್ನಾಳ ಕಾರ್ಡಿನ ಸಾಲಗಳನ್ನು ಬಿಡಿಗಾಸಿಗೆ ಕೊಂಡಿದ್ದ ಬೇರೆ ರಾಜ್ಯದ ಕಂಪನಿಯೊಂದಕ್ಕೆ. ಆಸ್ಪತ್ರೆಯವರು ತಮ್ಮ ಪಾಲು ಕೇಳಿ ಅರ್ಜಿಯನ್ನೇ ಹಾಕಲಿಲ್ಲ.

ಬೀಗದ ಕೈ ಕೊಡಲು ವರ್ನಾ ಬಂದಿದ್ದಳು. ಸೊರಗಿದ್ದಾಳೆ, ದನಿ ಸಣ್ಣದಾಗಿದೆ. ಗಡುವು ಮುಗಿದ ಮೇಲೂ ಮಾರಾಟವಾಗುವ ತನಕ ಅಲ್ಲೇ ಇರಲು ಬಿಟ್ಟಿದ್ದೆ, ಖಾಲಿ ಮನೆಗೆ ಕಳ್ಳರು ನುಗ್ಗಿ ತಾಮ್ರದ ಕೊಳವೆ ಕೀಳುತ್ತಾರೆ. ಎರಡು ದಿನ ಕೂತು ನೆಲಕ್ಕೆ ಮೇಣ ಹಚ್ಚಿದಳಂತೆ, ಕಿಟಕಿ ಒರೆಸಿದಳಂತೆ. ಅಮ್ಮನ ಮನೆಯನ್ನು ಕೊಳಕಾಗಿ ಬಿಟ್ಟುಕೊಡಲು ಮನಸ್ಸು ಬರಲಿಲ್ಲ ಎಂದಳು. ಕೊಂಡವನು ಒಳಗೆಲ್ಲ ಒಡೆದು ಬಾಡಿಗೆಗೆ ಎರಡು ಭಾಗ ಮಾಡುತ್ತಾನೆ ಎಂದು ನಾನು ಹೇಳಲು ಹೋಗಲಿಲ್ಲ.

ರಶೀದಿ ಬರೆದುಕೊಟ್ಟೆ. ಮಡಚಿ ಪರ್ಸಿಗೆ ಹಾಕಿಕೊಂಡು ನನ್ನ ಕೈ ಹಿಡಿದಳು.

"ಬೇಜಾರಿಲ್ಲ ಸರ್. ನಿಮ್ ಕೆಲಸ ನೀವು ಮಾಡಿದ್ರಿ. ಅಮ್ಮನ್ನ ನೋಡೋಕೆ ಎರಡು ಸಲ ಬಂದೋರು ನೀವೊಬ್ರೇ."

ಎಲ್ಲಿ ಇರುತ್ತೀಯ ಎಂದು ಕೇಳಿದೆ. ತಾಯಿಯ ಅಕ್ಕ, ಎಂಬತ್ತಾರರ ಮುದುಕಿ, ಹೃದಯದ ಕಾಯಿಲೆ, ಮಕ್ಕಳಿಲ್ಲ. ನೋಡಿಕೊಳ್ಳುವವರು ಬೇಕಿತ್ತು, ಅಲ್ಲಿಗೆ ಹೋಗಿದ್ದಾಳೆ. ಉಯಿಲಿನಲ್ಲಿ ಎಲ್ಲವನ್ನೂ ಇವಳಿಗೇ ಬರೆದಿದ್ದಾಳಂತೆ.

ಮನೆಗೆ ಬರುವಾಗ ಆ ದೊಡ್ಡಮ್ಮನ ಬೀದಿಯಲ್ಲಿ ಬಂದೆ. ಇಟ್ಟಿಗೆಯ ಮನೆ, ಮೂಲೆ ಸೈಟು, ಎರಡು ಕಾರು ನಿಲ್ಲುವ ಗ್ಯಾರೇಜು, ತೊಂಬತ್ತು ಸಾವಿರಕ್ಕೆ ಮೋಸವಿಲ್ಲ. ಮುದುಕಿ ಜಗಲಿಯಲ್ಲಿ ಕೂತು ಬೀನ್ಸ್ ಬಿಡಿಸುತ್ತಿದ್ದಳು, ಪರಿಚಯವಿಲ್ಲದಿದ್ದರೂ ಕೈ ಬೀಸಿದಳು. ಹೃದಯದ ಕಾಯಿಲೆ ಇದ್ದೂ ಇವಳು ಆ ಏಪ್ರಿಲ್ ಹನ್ನೆರಡನ್ನು ದಾಟಿಬಿಟ್ಟಳಲ್ಲ ಎಂದು ದಾರಿಯುದ್ದಕ್ಕೂ ಹೊಟ್ಟೆ ಉರಿಯಿತು.